ಮೊದಲು ಮೂರನೇ ಪಿನ್ನು

ಫೋನು, ಲ್ಯಾಪ್‌ಟಾಪು, ಟಿವಿ ಕೆಟ್ಟಾಗ ಕಂಪನಿಯನ್ನು ಬೈಯುವುದು ವಾಡಿಕೆ. ಕೆಡಿಸಿದ್ದು ಎಷ್ಟೋ ಸಲ ಮನೆಯ ವೈರು, ಪ್ಲಗ್ಗು, ಚಾರ್ಜರು. ದಕ್ಷಿಣ ಬೆಂಗಳೂರಿನ ಮನೆಗಳು ಒಂದೇ ಕಾಲದವಲ್ಲ. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಅಲ್ಲೂ ಬನಶಂಕರಿಯಲ್ಲೂ ಉಳಿದಿರುವ ಹಳೆಯ ಮನೆಗಳಲ್ಲಿ ಎರಡು ಪಿನ್ನಿನ ಪಾಯಿಂಟುಗಳು, ಪಿಂಗಾಣಿ ಫ್ಯೂಸುಗಳು ಇನ್ನೂ ಕಣ್ಣಿಗೆ ಬೀಳುತ್ತವೆ. ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳಲ್ಲಿ ಬಾಗಿಲ ಹಿಂದೆ ಎಂಸಿಬಿ ಬೋರ್ಡು ಇರುತ್ತದೆ, ಅದರ ಮುಚ್ಚಳ ತೆಗೆದು ನೋಡಿದವರು ಕಡಿಮೆ. ಬಿಟಿಎಂ ಲೇಔಟಿನ ಪಿಜಿ ಕೋಣೆಗಳಲ್ಲಿ ಮೂವರಿಗೆ ಸೇರಿ ಒಂದು ಪ್ಲಗ್ಗು. ಸ್ಕ್ರೀನ್ ಗಾರ್ಡು, ಬ್ಯಾಕ್ ಕವರುಗಳ ಚಿಂತೆ ಆಮೇಲಿನದು. ಮೊದಲು ನೋಡಬೇಕಾದದ್ದು ಅರ್ತಿಂಗ್.

ಮೂರು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿದ ಲೋಹದ ಮೈಯ ಲ್ಯಾಪ್‌ಟಾಪಿನ ಮೇಲೆ ಅಂಗೈ ಊರಿದಾಗ ಜುಮ್ಮೆಂದರೆ ಅರ್ತ್ ತಲುಪುತ್ತಿಲ್ಲ ಎಂದು ಅನುಮಾನಿಸಬೇಕು. ಅಡಾಪ್ಟರಿನೊಳಗಿನ ಕೆಪಾಸಿಟರುಗಳಿಂದ ಸೋರುವ ಅಲ್ಪ ವಿದ್ಯುತ್ತು ಮೂರನೇ ಪಿನ್ನಿನ ಮೂಲಕ ನೆಲಕ್ಕೆ ಹೋಗಬೇಕು. ದಾರಿಯಿಲ್ಲದಿದ್ದರೆ ಅದು ಲೋಹದ ಮೈಯಲ್ಲಿ ನಿಲ್ಲುತ್ತದೆ. ಆ ಜುಮ್ಮಿನಿಂದ ಸಾಮಾನ್ಯವಾಗಿ ಅಪಾಯವಿಲ್ಲ. ಆದರೆ ಅದೇ ಮನೆಯ ಗೀಸರಿನಲ್ಲೋ ವಾಷಿಂಗ್ ಮಷೀನಿನಲ್ಲೋ ಮುಂದೊಂದು ದಿನ ದೋಷ ಕಾಣಿಸಿಕೊಂಡರೆ ಆ ವಿದ್ಯುತ್ತಿಗೂ ನೆಲದ ದಾರಿ ಇರುವುದಿಲ್ಲ, ಮುಟ್ಟಿದವರ ಮೈಯೇ ದಾರಿಯಾಗುತ್ತದೆ. ಮೂರನೇ ಪಿನ್ನನ್ನು ಮುರಿದು ಎರಡು ಪಿನ್ನಿನ ಪಾಯಿಂಟಿಗೆ ತುರುಕುವವರು ಈ ಅಪಾಯವನ್ನು ಕೈಯಾರೆ ತಂದುಕೊಳ್ಳುತ್ತಾರೆ.

ಹಳೆಯ ಮನೆಗಳಲ್ಲಿ ಅಂಗಳದ ಮೂಲೆಯಲ್ಲಿ ಗುಂಡಿ ತೋಡಿ, ಜಿಐ ಪೈಪು ನಿಲ್ಲಿಸಿ, ಸುತ್ತ ಇದ್ದಿಲು ಮತ್ತು ಉಪ್ಪು ತುಂಬಿ ಅರ್ತಿಂಗ್ ಮಾಡುತ್ತಿದ್ದರು. ಉಪ್ಪು ಮಳೆಗೆ ಕರಗಿಹೋಗುತ್ತದೆ, ಪೈಪು ತುಕ್ಕು ತಿನ್ನುತ್ತದೆ, ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ವಿದ್ಯುತ್ತು ಸರಾಗವಾಗಿ ಇಳಿಯುವುದಿಲ್ಲ. ಕಾರು ನಿಲ್ಲಿಸಲೆಂದು ಅಂಗಳಕ್ಕೆ ಗ್ರಾನೈಟ್ ಹಾಸಿಸಿದ ಮನೆಗಳಲ್ಲಿ ಆ ಗುಂಡಿ ಎಲ್ಲಿತ್ತೆಂಬುದೇ ಮರೆತುಹೋಗಿರುತ್ತದೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಒಮ್ಮೆ ಅರ್ತ್ ಅಳತೆ ಮಾಡಿಸಿ, ಜೊತೆಗೆ 30 ಮಿಲಿಆಂಪಿಯರ್ ಸೋರಿಕೆಗೇ ಸಂಪರ್ಕ ಕಡಿದುಹಾಕುವ ಆರ್‌ಸಿಸಿಬಿ ಹಾಕಿಸುವುದು ಹೊಸ ಟಿವಿಗಿಂತ ಒಳ್ಳೆಯ ಖರ್ಚು. ಎಂಸಿಬಿ ಕಾಯುವುದು ವೈರನ್ನು, ಆರ್‌ಸಿಸಿಬಿ ಕಾಯುವುದು ಮನುಷ್ಯರನ್ನು. ಅದರ ಮೇಲಿನ ‘ಟಿ’ ಗುಂಡಿಯನ್ನು ಆಗಾಗ ಒತ್ತಿ, ಕೆಳಗೆ ಬೀಳುತ್ತದೆಯೇ ನೋಡಬೇಕು. ಪದೇ ಪದೇ ಬೀಳುತ್ತದೆಂದು ಬೈಪಾಸ್ ಮಾಡಿಸಿಕೊಳ್ಳುವ ಮನೆಗಳೂ ಇವೆ. ಬೀಳುತ್ತಿದೆಯೆಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಏಪ್ರಿಲ್–ಮೇ ತಿಂಗಳ ಗಾಳಿಮಳೆಗೆ ಈ ಬಡಾವಣೆಗಳಲ್ಲಿ ಕೊಂಬೆ ಮುರಿದು ತಂತಿಯ ಮೇಲೆ ಬೀಳುವುದು ಪ್ರತಿ ವರ್ಷದ ಮಾತು. ಆಗ ಕರೆಂಟು ಹೋದರೆ ಚಿಂತೆಯಿಲ್ಲ, ನ್ಯೂಟ್ರಲ್ ತಂತಿ ಮಾತ್ರ ತುಂಡಾದರೆ ಕಷ್ಟ. ಮೂರು ಫೇಸಿನ ಸಮತೋಲ ತಪ್ಪಿ, 230 ವೋಲ್ಟ್ ಬರಬೇಕಾದ ಮನೆಗೆ 400ರ ಹತ್ತಿರಕ್ಕೂ ವೋಲ್ಟೇಜು ಏರಬಹುದು. ಕೆಲವು ದೀಪ ಅತಿಯಾಗಿ ಉರಿದು ಕೆಲವು ಮಂಕಾದರೆ ಕಾರಣ ಹುಡುಕುತ್ತಾ ನಿಲ್ಲದೆ ಮೇನ್ ಸ್ವಿಚ್ ಇಳಿಸಬೇಕು, ನಂತರ ಬೆಸ್ಕಾಂನ 1912ಕ್ಕೆ ಕರೆ ಮಾಡಬೇಕು. ಗುಡುಗು ಶುರುವಾದಾಗ ಟಿವಿಯ ಪ್ಲಗ್ಗಿನ ಜೊತೆಗೆ ಕೇಬಲ್ ವೈರನ್ನೂ ಕಳಚಬೇಕು. ಮರದಿಂದ ಮರಕ್ಕೆ ತೂಗುತ್ತಾ ಬರುವ ತಾಮ್ರದ ಕೇಬಲ್ಲು ಸಿಡಿಲಿನ ಹೊಡೆತವನ್ನು ನೇರ ಒಳಗೆ ತರುತ್ತದೆ. ಗಾಜಿನೆಳೆಯ ಫೈಬರ್ ಇಂಟರ್‌ನೆಟ್ಟಿಗೆ ಆ ಭಯವಿಲ್ಲ, ಅದರ ರೂಟರಿನ ಅಡಾಪ್ಟರಿಗೆ ಇದೆ.

ಎಕ್ಸ್‌ಟೆನ್ಶನ್ ಬೋರ್ಡಿನ ಲೆಕ್ಕ ಸರಳ. 6 ಆಂಪಿಯರಿನ ಪಾಯಿಂಟು 230 ವೋಲ್ಟಿನಲ್ಲಿ ಹೊರಬಲ್ಲದ್ದು 1,380 ವ್ಯಾಟ್. ಪಿಜಿ ಕೋಣೆಯಲ್ಲಿ ಚಹಾ ಕಾಯಿಸುವ 1,500 ವ್ಯಾಟಿನ ಕೆಟಲ್ ಒಂದೇ ಅದನ್ನು ಮೀರುತ್ತದೆ. ಅದೇ ಬೋರ್ಡಿಗೆ ಇಸ್ತ್ರಿಪೆಟ್ಟಿಗೆ, ಮೂರು ಚಾರ್ಜರು ಸೇರಿದರೆ ಮೊದಲು ಪ್ಲಗ್ಗಿನ ಬುಡ ಬಿಸಿಯಾಗುತ್ತದೆ, ಆಮೇಲೆ ಕಂದುತ್ತದೆ. ಕಂದಿದ ಪ್ಲಗ್ಗನ್ನು ಒರೆಸಿ ಮತ್ತೆ ಬಳಸುವಂತಿಲ್ಲ.

ಚಾರ್ಜರ್ ಕೊಳ್ಳುವಾಗ ನೋಡಬೇಕಾದದ್ದು ಬಿಐಎಸ್ ನೋಂದಣಿಯ ಗುರುತು, ಅದರ ಕೆಳಗೆ ‘ಆರ್’ ಅಕ್ಷರದಿಂದ ಶುರುವಾಗುವ ಸಂಖ್ಯೆ. 2012ರ ಆದೇಶದ ಪಟ್ಟಿಗೆ ಅಡಾಪ್ಟರುಗಳು ಆಮೇಲೆ ಸೇರಿ, ಅವಕ್ಕೂ ಈ ನೋಂದಣಿ ಕಡ್ಡಾಯವಾಯಿತು. ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಸಂಖ್ಯೆ ಹಾಕಿದರೆ ಅದು ಯಾವ ತಯಾರಕರದೆಂದು ಗೊತ್ತಾಗುತ್ತದೆ. ಫುಟ್‌ಪಾತಿನ ನೂರು ರೂಪಾಯಿಯ ಚಾರ್ಜರಿನಲ್ಲಿ ಆ ಸಂಖ್ಯೆ ಇರುವುದಿಲ್ಲ, ಇದ್ದರೂ ಬೇರೆಯವರದಾಗಿರುತ್ತದೆ.

ಲಿಥಿಯಂ ಅಯಾನ್ ಬ್ಯಾಟರಿಗೆ ಮುಖ್ಯ ಶತ್ರು ಶಾಖ. ರಾತ್ರಿಯಿಡೀ ಚಾರ್ಜಿಗೆ ಹಾಕಿದರೆ ಬ್ಯಾಟರಿ ಸತ್ತೇಹೋಗುತ್ತದೆ ಎಂಬ ಹೆದರಿಕೆ ಹಳೆಯದು. ಈಗಿನ ಫೋನುಗಳು ತುಂಬಿದ ಮೇಲೆ ತಾವೇ ನಿಲ್ಲಿಸುತ್ತವೆ. ದಿಂಬಿನಡಿ ಇಟ್ಟು ಚಾರ್ಜ್ ಮಾಡುವುದು, ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಡುವುದು ಹೆಚ್ಚಿನ ಹಾನಿ. ವಿದೇಶದಲ್ಲಿರುವ ಮಕ್ಕಳು ಕೊಟ್ಟುಹೋದ ಹೆಚ್ಚುವರಿ ಫೋನನ್ನು ಬೀರುವಿನಲ್ಲಿ ಇಡುವುದಾದರೆ ಅರ್ಧ ಚಾರ್ಜಿನಲ್ಲಿ, ಆರಿಸಿ ಇಡಬೇಕು. ಪರದೆಯೋ ಹಿಂಬದಿಯೋ ಉಬ್ಬಿದ್ದರೆ ಮತ್ತೆ ಚಾರ್ಜಿಗೆ ಹಾಕಬಾರದು, ಒತ್ತಬಾರದು, ಚುಚ್ಚಬಾರದು.

ಒದ್ದೆಯಾದ ಫೋನನ್ನು ಅಕ್ಕಿ ಡಬ್ಬದಲ್ಲಿ ಹೂಳುವ ಪದ್ಧತಿಯನ್ನು ಕೈಬಿಡಬೇಕೆಂದು ಆ್ಯಪಲ್ ಕಂಪನಿಯೇ 2024ರಲ್ಲಿ ಹೇಳಿತು: ಅಕ್ಕಿಯ ಹುಡಿ ಒಳಸೇರಿ ಕೆಡಿಸಬಹುದು. ಚಾರ್ಜಿಂಗ್ ಕಿಂಡಿಯನ್ನು ಕೆಳಮುಖವಾಗಿ ಹಿಡಿದು ಮೆಲ್ಲಗೆ ತಟ್ಟಿ, ಗಾಳಿಯಾಡುವ ಕಡೆ ಒಂದು ದಿನ ಬಿಟ್ಟರಾಯಿತು. ಸೋನಾಮಸೂರಿಗೂ ಅದು ಕ್ಷೇಮ.

ಇನ್ವರ್ಟರಿನದು ಬೇರೆ ಜಾತಿಯ ಬ್ಯಾಟರಿ. ಸೀಸ ಮತ್ತು ಆಮ್ಲದ ಈ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರನ್ನೇ ಹಾಕಬೇಕು. ಬೋರ್‌ವೆಲ್ ನೀರಿನ ಲವಣ ಒಳಗಿನ ಫಲಕಗಳನ್ನು ಹಾಳುಮಾಡುತ್ತದೆ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಹೊರಬರುವುದರಿಂದ ದೇವರ ಮನೆಯ ಪಕ್ಕದ ಮುಚ್ಚಿದ ಗೂಡು, ಊದುಬತ್ತಿ ಹಚ್ಚುವ ಜಾಗ ಅದಕ್ಕೆ ಸಲ್ಲದು.

ವಿದ್ಯುತ್ ಸ್ಕೂಟರುಗಳಿಗೆ 2022ರಲ್ಲಿ ಸಾಲಾಗಿ ಬೆಂಕಿ ಬಿದ್ದ ಮೇಲೆ ಬ್ಯಾಟರಿ ಸುರಕ್ಷತೆಯ ಮಾನದಂಡ ಬಿಗಿಯಾಯಿತು. ಆದರೂ ಸವಾರಿಯಿಂದ ಬಂದ ಬಿಸಿಯಲ್ಲೇ ಚಾರ್ಜಿಗೆ ಹಾಕದೆ ತಣಿಯಲು ಬಿಡುವುದು ಲೇಸು. ಇಕ್ಕಟ್ಟಾದ ಅಡ್ಡರಸ್ತೆಗಳ ನಾಲ್ಕಂತಸ್ತಿನ ಕಟ್ಟಡಗಳಲ್ಲಿ ಇರುವುದೊಂದೇ ಮೆಟ್ಟಿಲು. ಅದರ ಬುಡದಲ್ಲಿ ಚಾರ್ಜಿಂಗ್ ಪಾಯಿಂಟ್ ಕೊಡುವ ಮಾಲೀಕರು ಮೇಲಿನವರ ಹೊರದಾರಿಯನ್ನು ಪಣಕ್ಕಿಟ್ಟಂತೆ.

ಇನ್ನು ಕಳವು. ಫೋನಿಗಿಂತ ಅದರೊಳಗಿನ ಸಿಮ್ ಅಮೂಲ್ಯ, ಅದನ್ನು ಬೇರೆ ಫೋನಿಗೆ ಹಾಕಿದ ಕಳ್ಳನಿಗೆ ಒಟಿಪಿ ಬರುತ್ತದೆ. ಸೆಟ್ಟಿಂಗಿನಲ್ಲಿ ಸಿಮ್ ಪಿನ್ ಹಾಕಿದರೆ ಆ ದಾರಿ ಮುಚ್ಚುತ್ತದೆ. *#06# ಒತ್ತಿದಾಗ ಕಾಣುವ ಐಎಂಇಐ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ಬನಶಂಕರಿ ಬಸ್ ನಿಲ್ದಾಣದ ನೂಕುನುಗ್ಗಲಿನಲ್ಲಿ ಫೋನು ಹೋದರೆ ಮೊದಲು ಸಿಮ್, ನಂತರ ಬ್ಯಾಂಕು ಮತ್ತು ಯುಪಿಐ ಬಂದ್ ಮಾಡಿಸಿ, ಪೊಲೀಸ್ ದೂರಿನ ಪ್ರತಿಯೊಂದಿಗೆ ಸಂಚಾರ್ ಸಾಥಿ ಪೋರ್ಟಲಿನ ಸಿಇಐಆರ್ ವಿಭಾಗದಲ್ಲಿ ಆ ಸಂಖ್ಯೆ ಕೊಟ್ಟರೆ ಫೋನು ದೇಶದ ಯಾವ ನೆಟ್‌ವರ್ಕಿನಲ್ಲೂ ನಡೆಯದು. ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಗೆ ರಿಪೇರಿಗೆ ಕೊಡುವಾಗಲೂ ಸಿಮ್ ತೆಗೆದೇ ಕೊಡಬೇಕು. ಪ್ಯಾಟರ್ನ್ ಲಾಕ್ ಬರೆದುಕೊಡುವ ರೂಢಿ ಬೇಡ.

ಕಳ್ಳತನಕ್ಕಿಂತ ದೊಡ್ಡ ನಷ್ಟ ಮಾತಿನಲ್ಲಿ ಆಗುತ್ತದೆ. ಮಕ್ಕಳು ಹೊರದೇಶದಲ್ಲಿದ್ದು, ಪಿಂಚಣಿ ಮತ್ತು ಠೇವಣಿಯ ಮೇಲೆ ಇಬ್ಬರೇ ಬದುಕುವ ಮನೆಗಳು ಜಯನಗರ, ಬನಶಂಕರಿಗಳಲ್ಲಿ ಬೇಕಾದಷ್ಟಿವೆ, ವಂಚಕರಿಗೂ ಅದು ಗೊತ್ತು. ‘ಬಿಲ್ ಕಟ್ಟಿಲ್ಲ, ಇಂದು ರಾತ್ರಿ 9.30ಕ್ಕೆ ಕರೆಂಟ್ ಕಟ್’ ಎಂಬ ಸಂದೇಶ ಅವರ ಹಳೆಯ ಬಲೆ. ವಿದ್ಯುತ್ ಕಾಯ್ದೆ 2003ರ 56ನೇ ಕಲಂ ಪ್ರಕಾರ ಬಾಕಿಗಾಗಿ ಸಂಪರ್ಕ ಕಡಿಯಲು 15 ದಿನ ಮೊದಲು ಲಿಖಿತ ನೋಟಿಸ್ ಕೊಡಲೇಬೇಕು. ಸಂದೇಶದ ಸಂಖ್ಯೆಗೆ ಕರೆ ಮಾಡಿದವರಿಂದ ಪರದೆ ಹಂಚುವ ಆ್ಯಪ್ ಹಾಕಿಸುತ್ತಾರೆ, ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ. ವಾಟ್ಸಾಪಿನಲ್ಲಿ ಮದುವೆ ಕರೆಯೋಲೆಯೆಂದೋ ಟ್ರಾಫಿಕ್ ದಂಡವೆಂದೋ ಬರುವ ಎಪಿಕೆ ಫೈಲೂ ಅದೇ ಕೆಲಸದ್ದು, ಅದು ಎಸ್ಸೆಮ್ಮೆಸ್ ಓದಿ ಒಟಿಪಿ ಸಾಗಿಸುತ್ತದೆ.

ಪೊಲೀಸರ ಸೋಗಿನಲ್ಲಿ ವಿಡಿಯೊ ಕರೆ ಮಾಡಿ ಬಂಧನದ ಹೆದರಿಕೆ ಹುಟ್ಟಿಸಿ ಹಣ ಕೀಳುವ ‘ಡಿಜಿಟಲ್ ಅರೆಸ್ಟ್’ ಇದಕ್ಕಿಂತ ಕ್ರೂರ. 2024ರ ಅಕ್ಟೋಬರ್ 27ರ ಮನ್ ಕೀ ಬಾತ್‌ನಲ್ಲಿ ಪ್ರಧಾನಿ ಕೇಳಿಸಿದ್ದು ವಿಜಯಪುರದ ವ್ಯಕ್ತಿಯೊಬ್ಬರಿಗೆ ಬಂದ ಅಂಥದೇ ಕರೆಯ ಧ್ವನಿಮುದ್ರಣ. ವಿಡಿಯೊ ಕರೆಯಲ್ಲಿ ಬಂಧಿಸುವ ಅಧಿಕಾರವನ್ನು ಭಾರತದ ಯಾವ ಕಾನೂನೂ ಯಾರಿಗೂ ಕೊಟ್ಟಿಲ್ಲ. ಓದಿದವರೂ ಸಿಕ್ಕಿಬೀಳುವುದು ತಿಳಿವಳಿಕೆಯ ಕೊರತೆಯಿಂದಲ್ಲ. ಯಾರೊಂದಿಗೂ ಮಾತಾಡಬಾರದೆಂಬ ಷರತ್ತಿಗೆ ಅವರು ಒಪ್ಪಿಬಿಡುತ್ತಾರೆ. ಕರೆ ಕತ್ತರಿಸಿ ಪಕ್ಕದ ಮನೆಯವರಿಗೆ ಹೇಳಿದರೆ ಆ ಆಟ ಅಲ್ಲಿಗೇ ಮುಗಿಯುತ್ತದೆ.

ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲೇ. ಆದರೂ ಹಣ ಹೋದಾಗ ಠಾಣೆಗೆ ಹೊರಡುವ ಮೊದಲು 1930ಕ್ಕೆ ಕರೆ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ಹಾರುವ ಮುನ್ನ ತಡೆಹಿಡಿಯುವ ವ್ಯವಸ್ಥೆ ಅಲ್ಲಿದೆ. ಬ್ಯಾಂಕಿಗೂ ಕೂಡಲೇ ತಿಳಿಸಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯಂತೆ, ಗ್ರಾಹಕರದೂ ಬ್ಯಾಂಕಿನದೂ ಅಲ್ಲದ ತಪ್ಪಿನಿಂದ ಹೋದ ಹಣಕ್ಕೆ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಗ್ರಾಹಕರ ಹೊಣೆ ಶೂನ್ಯ. ತಾವೇ ಪಿನ್, ಒಟಿಪಿ ಕೊಟ್ಟಿದ್ದರೆ ದೂರು ಕೊಡುವವರೆಗಿನ ನಷ್ಟ ಗ್ರಾಹಕರದು, ಆಮೇಲಿನದು ಬ್ಯಾಂಕಿನದು.

ಹಳೆಯದನ್ನು ಹೊರಹಾಕುವ ಕೆಲಸ ಕೊನೆಯದು. ಫ್ಯಾಕ್ಟರಿ ರೀಸೆಟ್ ಮಾಡುವ ಮೊದಲು ಗೂಗಲ್ ಅಥವಾ ಆ್ಯಪಲ್ ಖಾತೆಯಿಂದ ಹೊರಬರಬೇಕು. ಫೋನು, ಪವರ್ ಬ್ಯಾಂಕುಗಳನ್ನು ಒಣಕಸದ ಜೊತೆ ಆಟೊ ಟಿಪ್ಪರಿಗೆ ಹಾಕಿದರೆ ಕಸ ಒತ್ತುವಾಗ ಬ್ಯಾಟರಿ ಜಜ್ಜಿ ಬೆಂಕಿ ಹೊತ್ತಿಕೊಳ್ಳಬಹುದು. ದೇಶದಲ್ಲಿ ಇ-ತ್ಯಾಜ್ಯದ ಮರುಬಳಕೆ ಮೊದಲು ಶುರುಮಾಡಿದವುಗಳಲ್ಲಿ ಒಂದಾದ ಇ-ಪರಿಸರ ಘಟಕ ಇರುವುದು ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿ. ಅಂಥ ಅಧಿಕೃತ ಸಂಗ್ರಾಹಕರಿಗೇ ಇವನ್ನು ಕೊಡಬೇಕು. ಇನ್ವರ್ಟರಿನ ಹಳೆಯ ಬ್ಯಾಟರಿಯನ್ನು ಗುಜರಿಯವನಿಗೆ ಕೊಟ್ಟರೆ ಅದರ ಆಮ್ಲ ಮೋರಿಗೆ ಹೋಗುವ ಸಂಭವವೇ ಹೆಚ್ಚು. ಹೊಸದನ್ನು ಮಾರುವ ಅಂಗಡಿಯವರು ಹಳೆಯದನ್ನು ವಾಪಸು ತೆಗೆದುಕೊಳ್ಳುತ್ತಾರೆ, ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆದಿದ್ದಾರೆಯೇ ಎಂದು ನೋಡಿಕೊಂಡು ಹಣ ಕೊಡಬೇಕು.