ಕನ್ನಡ ಚಾನಲ್ ಅಷ್ಟೇ ಪ್ಯಾಕ್ ಹೊರಗ ಯಾಕ?

ಜತ್ತ ಪೂರ್ವ ಭಾಗದ ಗೆಳೆಯರೆ,

ಮೊನ್ನೆ ನಮ್ಮ ಓಣಿಯ ಕೇಬಲ್‌ನವರನ್ನ ಕೇಳಿದ್ವಿ, "ಅಣ್ಣಾ, ಅವ್ವ ನೋಡೋದು ಎರಡ ಕನ್ನಡ ಚಾನಲ್. ಅವನ್ನಷ್ಟ ಕೊಡ್ರಿ." "ಹಂಗ ಬಿಡಿಬಿಡಿ ಬರಂಗಿಲ್ರಿ. ಪ್ಯಾಕ್ ತಗೋರಿ, ಕನ್ನಡ ಬೇಕಂದ್ರ ಮ್ಯಾಲ ರೊಕ್ಕ ಕೊಡ್ರಿ" ಅಂದ್ರು. ಉಮದಿ, ಸಂಖ, ಮಾಡಗ್ಯಾಳ ಕಡೆ ಈ ಮಾತು ನಿಮಗೂ ಹೊಸದಲ್ಲ.

ಪ್ಯಾಕ್ ಅಂದ್ರೇನೇ ಮೋಸ ಅಂತ ನಮ್ಮವರು ಬೈತಾರೆ. ಪೂರ್ತಿ ಖರೆ ಅಲ್ಲ. ನಾವು ಬಿ.ಕಾಂ. ಓದಿ ಬ್ಯಾಂಕ್ ಕೌಂಟರಿನಾಗ ಕುಂತವರು, ಲೆಕ್ಕ ಹಾಕಿ ನೋಡಿದ್ವಿ. ನಮ್ಮ ಮನೆಗೆ ಕನ್ನಡ ಚಾನಲ್ 15 ರೂಪಾಯಿ ಬಾಳ್ತದ, ಮರಾಠಿ 5 ಅನ್ಕೋರಿ. ಬಾಜೂ ಮನೆಗೆ ಉಲ್ಟಾ. ಬಿಡಿಯಾಗಿ 15ಕ್ಕೆ ಮಾರಿದ್ರೆ ಎರಡೂ ಮನೆಯಿಂದ ಬರೋದು 30. ಎರಡನ್ನೂ ಗಂಟು ಕಟ್ಟಿ 20ಕ್ಕೆ ಕೊಟ್ರೆ 40, ಇಬ್ಬರಿಗೂ ಎರಡೆರಡು ಚಾನಲ್. ಚಾನಲ್ ಅಂದ್ರ ಕಿರಾಣಿ ಅಂಗಡಿ ಸಕ್ಕರೆ ಅಲ್ಲ, ಇನ್ನೊಂದು ಮನೆಗೆ ಕೊಟ್ಟರೆ ತೂಕ ಕಡಿಮೆ ಆಗೋದಿಲ್ಲ. ಅದಕ್ಕೆ ಗಂಟು ಕಟ್ತಾರೆ. ಯಾರೂ ಕೇಳದ ಚಾನಲ್ಲನ್ನೂ ಅದರೊಳಗೆ ತುರುಕಿ, "ಇಷ್ಟು ಮನೆ ಮುಟ್ಟೀವಿ" ಅಂತ ಜಾಹೀರಾತಿನವರಿಗೆ ತೋರಿಸ್ತಾರೆ, ಅದು ಬೇರೆ.

ಆದರೆ ಕಾಯ್ದೆ ಏನು ಹೇಳ್ತದೆ? ಟ್ರಾಯ್ 2017ರಲ್ಲಿ ನಿಯಮ ತಂತು, 2019ರ ಫೆಬ್ರವರಿಯಿಂದ ಜಾರಿ ಆಯ್ತು. ರೊಕ್ಕದ ಪ್ರತಿ ಚಾನಲ್ಲನ್ನೂ ಬಿಡಿಯಾಗಿ ಕೊಡಲೇಬೇಕು. ಅಂದ್ರೆ "ಬಿಡಿ ಬರಂಗಿಲ್ಲ" ಅನ್ನೋದು ಸುಳ್ಳು. ಬಿಡಿ ಬೆಲೆ 19 ರೂಪಾಯಿ ದಾಟಿದ ಚಾನಲ್ ಪ್ಯಾಕ್‌ನಲ್ಲಿ ಸೇರುವಂತಿಲ್ಲ ಅಂತಲೂ ಬರೆದರು. ಹೆಸರುವಾಸಿ ಚಾನಲ್‌ಗಳು ಸಾಲಾಗಿ ಆ 19ಕ್ಕೇ ಬಂದು ನಿಂತವು! ಪ್ಯಾಕ್ ಮೇಲೆ ಮಾತ್ರ 70% ತನಕ ರಿಯಾಯಿತಿ ಕೊಟ್ಟಿದ್ದನ್ನ ಟ್ರಾಯ್ ತಾನೇ ಹೇಳಿತು. ಬಿಡಿ ತಗೊಳ್ಳೋನು ಹುಚ್ಚ ಅನ್ನಿಸಬೇಕು, ಹಂಗ ಬೆಲೆ. 2022ರ ನವೆಂಬರ್‌ನಲ್ಲಿ ಈ ರಿಯಾಯಿತಿಗೆ 45%ರ ಮಿತಿ ಹಾಕಿದರು.

ಈಗ ನಮ್ಮ ಸಂಕಟ ನೋಡ್ರಿ. ರಿಯಾಯಿತಿ ಇರೋದು ಗಂಟಿನೊಳಗೆ. ನಮ್ಮ ಕೈಗೆ ಕೊಡೋ ಗಂಟು ಮರಾಠಿ-ಹಿಂದಿದು. ಕನ್ನಡ ಹೊರಗೆ, ಪೂರ್ತಿ ಬೆಲೆಗೆ, ಮೇಲೆ 18% ಜಿಎಸ್‌ಟಿ. ಅದೇ ಚಾನಲ್ ವಿಜಯಪುರದ ನಮ್ಮ ಸೋದರಮಾವನ ಮನ್ಯಾಗ ಪ್ಯಾಕ್ ಒಳಗೇ ಬರ್ತದ.

ಇನ್ನೊಂದು ಕಣ್ಣಿಗೆ ಕಾಣದ ಗಂಟು ಐತಿ. ಕೇಬಲ್ ಕಂಪನಿ ತನ್ನ ಜಾಲದಲ್ಲಿ ಚಾನಲ್ ಹಾಕೋದಕ್ಕೆ ಚಾನಲ್‌ನವರಿಂದಲೇ ಶುಲ್ಕ ವಸೂಲಿ ಮಾಡಬಹುದು, 2017ರ ನಿಯಮದಲ್ಲಿ ಸಾದಾ ಚಾನಲ್‌ಗೆ ಮನೆಗೆ ತಿಂಗಳಿಗೆ ಹೆಚ್ಚಂದ್ರೆ 20 ಪೈಸೆ ಅಂತಿತ್ತು. ಆ ಮಾರುಕಟ್ಟೆಯ 20% ಮನೆಯವರು ಚಾನಲ್ ತಗೊಂಡರೆ ಶುಲ್ಕ ಸೊನ್ನೆ. ಆದರೆ ಮಾರುಕಟ್ಟೆ ಅಂದ್ರೆ ಯಾವುದು? ಸಂಖ ಅಲ್ಲ, ಉಮದಿ ಅಲ್ಲ. ಇಡೀ ಮಹಾರಾಷ್ಟ್ರ ಅಂತ ಲೆಕ್ಕ ಹಿಡಿದರೆ ನಾವೆಷ್ಟು ಮಂದಿ? ನಮ್ಮ ಓಣಿಯಲ್ಲಿ ಹತ್ತಕ್ಕೆ ಒಂಬತ್ತು ಮನೆ ಕನ್ನಡ ಆದರೂ ಆ ಲೆಕ್ಕದಲ್ಲಿ ನಾವು ಪೈಸೆದಷ್ಟೂ ಇಲ್ಲ. ಚಾನಲ್‌ನವರು ಶುಲ್ಕ ಕಟ್ಟಿ ಇಲ್ಲಿಗೆ ಯಾಕೆ ಬರ್ತಾರೆ?

"ಡಿಶ್ ಹಾಕಿಸಿ ಕನ್ನಡ ಪ್ಯಾಕ್ ತಗೋರಿ" ಅಂತೀರಿ. ತಗೋಬಹುದು. ಆಗ ಮರಾಠಿ ಹೊರಗೆ. ನಮ್ಮ ತಮ್ಮ ಎಂಪಿಎಸ್‌ಸಿ ಓದ್ತಾನ, ತಹಸೀಲ್ ಕಚೇರಿ ಮಾತು ಮರಾಠಿ, ನಮಗೆ ಮರಾಠಿ ಸುದ್ದಿಯೂ ಬೇಕು. ಡಿಡಿ ಫ್ರೀ ಡಿಶ್‌ನಲ್ಲಿ ಚಂದನ ತಿಂಗಳ ಬಾಡಿಗೆ ಇಲ್ಲದೆ ಸಿಗ್ತದೆ, ಒಳ್ಳೇದು, ಆದರೆ ಅವ್ವನ ಧಾರಾವಾಹಿ ಅದರಲ್ಲಿ ಬರೋದಿಲ್ಲ. ಎರಡು ಭಾಷೆ ಬದುಕೋ ಮನೆಗೆ ಗಂಟು ಕಟ್ಟೋರೇ ಇಲ್ಲ. ಮೇಲಿನ 15-5ರ ಲೆಕ್ಕ ಮತ್ತೊಮ್ಮೆ ಓದ್ರಿ, ಕನ್ನಡ-ಮರಾಠಿ ಕೂಡಿದ ಗಡಿ ಪ್ಯಾಕ್‌ನಿಂದ ಕಂಪನಿಗೂ ಲಾಭವೇ.

ಹಂಗಾದ್ರೆ ಈ ವಾರ ಹಿಂಗ ಮಾಡೋಣ. 999ನೇ ನಂಬರ್ ಚಾನಲ್ ಹಾಕಿ ಬೆಲೆ ಬರಕೋರಿ. ಬಿಡಿ ಚಾನಲ್ ಬೇಕಂತ ಚೀಟಿಯಲ್ಲಿ ಬರೆದು ಕೊಡ್ರಿ, ಬಾಯಿಮಾತು ಬ್ಯಾಡ. ರಸೀದಿ ಕೇಳ್ರಿ. ಕೊಡಲಿಲ್ಲ ಅಂದ್ರೆ ಹಳ್ಳಿ ಹೆಸರು, ತಿಂಗಳ ಬಿಲ್ಲಿನ ಫೋಟೋ ನಮಗೆ ಕಳಿಸ್ರಿ. ಹಳ್ಳಿಗೆ ಇಪ್ಪತ್ತು ಬಿಲ್ಲು ಕೂಡಿದರೆ ಗಡಿ ಪ್ಯಾಕ್ ಕೇಳೋ ಅರ್ಜಿ ನಾವೇ ಟೈಪ್ ಮಾಡಿ ಕಂಪನಿಗೂ ಟ್ರಾಯ್‌ಗೂ ಹಾಕ್ತೀವಿ.