ಮೊಬೈಲ್ ಸ್ಟಾರ್ಟರ್: ಹೊಲದಲ್ಲೇ ಚಾಲೂ ಮಾಡಿಸಿಕೊಳ್ಳಿ

ಬಂದಳಿಕೆಯಲ್ಲಿ ರಾತ್ರಿ ತ್ರೀಫೇಸ್ ಬಂದಾಗ ಬ್ಯಾಟರಿ ಹಿಡಿದು ಹೊಲಕ್ಕೆ ಓಡೋದು ತಪ್ಪಲಿ ಅಂತ ಬೋರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದೆ. ಎರಡು ದಿನ ಉಸಿರೇ ಇಲ್ಲ. ಒಳಗಿನ ಮೋಡೆಮ್ 2ಜಿಯದು, ನಾನು ಹಾಕಿದ್ದು 4ಜಿ ಮಾತ್ರ ಇರುವ ಸಿಮ್ಮು!

ಸಿಮ್ಮನ್ನು ಮೊದಲು ಫೋನಿಗೆ ಹಾಕಿ ಪಿನ್ ಲಾಕ್ ತೆಗೆಯಿರಿ. ಬೋರಿನ ಹತ್ತಿರವೇ ನಿಂತು ಸಿಗ್ನಲ್ ನೋಡಿ. ಆಂಟೆನಾ ತಗಡಿನ ಪೆಟ್ಟಿಗೆಯ ಹೊರಗಿರಲಿ. ನೀರು ಕಮ್ಮಿಯಾದರೆ ಮೋಟಾರಿನ ಆಂಪಿಯರ್ ಇಳಿಯುತ್ತೆ; ಅದನ್ನು ನೋಡಿ ಡ್ರೈರನ್ ಸೆಟ್ ಮಾಡದೆ ಮನೆಯಿಂದ ಚಾಲೂ ಮಾಡಬೇಡಿ. ಒಣಗಿ ತಿರುಗಿದರೆ ಮೋಟಾರ್ ಸುಟ್ಟಂತೆಯೇ.

ಇಷ್ಟನ್ನು ಮಾರುವವರೇ ಹೊಲಕ್ಕೆ ಬಂದು ನಮ್ಮ ಕೈಯಲ್ಲಿ ಮಾಡಿಸಬೇಕು, ಕನ್ನಡದಲ್ಲಿ ಚೀಟಿ ಕೊಡಬೇಕು. ಅಲ್ಲಿವರೆಗೆ ಪೂರ್ತಿ ದುಡ್ಡು ಕೊಡಬಾರದು ಅಂತ ನನ್ನ ಅಭಿಪ್ರಾಯ. ನೀವೇನಂತೀರಿ?