ಗೋಡೆಗೂ ಉಸಿರಾಟ ಬೇಕು!

ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರದ ಬಳಿ ಏರ್ ನದಿಯ ದಡದಲ್ಲಿ ಸಾಲ್ಟೇರ್ ಎಂಬ ಪುಟ್ಟ ಊರಿದೆ. ಉಣ್ಣೆ ಗಿರಣಿಯ ಮಾಲೀಕ ಟೈಟಸ್ ಸಾಲ್ಟ್ ಕಟ್ಟಿಸಿದ ಊರು. ಅವನ ಹೆಸರಿಗೆ ನದಿಯ ಹೆಸರು ಸೇರಿ ಸಾಲ್ಟೇರ್ ಆಯಿತು.

ವಿಕ್ಟೋರಿಯಾ ರಾಣಿಯ ಕಾಲ. ಬ್ರಾಡ್‌ಫರ್ಡಿನ ಕಾರ್ಮಿಕರದು ಹೊಗೆ, ಕೊಳಕು ನೀರಿನ ನಡುವೆ ಬದುಕು. 1849ರಲ್ಲಿ ಕಾಲರಾ ಬಂದು ಅಲ್ಲಿ ನೂರಾರು ಮಂದಿ ಸತ್ತರು. 1853ರಲ್ಲಿ ನಗರದ ಹೊರಗೆ ಹೊಸ ಗಿರಣಿ ತೆರೆದ ಸಾಲ್ಟ್, ಅದರ ಪಕ್ಕದಲ್ಲಿ 800ಕ್ಕೂ ಹೆಚ್ಚು ಕಲ್ಲಿನ ಮನೆಗಳನ್ನು ಕಟ್ಟಿಸಿದ. ಲಾಕ್‌ವುಡ್ ಮತ್ತು ಮಾಸನ್ ಅವುಗಳ ವಾಸ್ತುಶಿಲ್ಪಿಗಳು. ಪ್ರತಿ ಮನೆಗೂ ನೀರು, ಗ್ಯಾಸ್ ದೀಪ, ಹಿತ್ತಲಲ್ಲಿ ಸ್ವಂತ ಪಾಯಿಖಾನೆ! ಮೇಸ್ತ್ರಿಗಳ ಮನೆ ಮಾತ್ರ ಕೂಲಿಯವರ ಮನೆಗಿಂತ ದೊಡ್ಡದು.

2001ರಲ್ಲಿ ಯುನೆಸ್ಕೋ ಈ ಊರನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು. ಇಲ್ಲಿನ ಬಹುತೇಕ ಮನೆಗಳು ಸರ್ಕಾರದ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿವೆ. ಜನ ಅವುಗಳಲ್ಲಿ ಇಂದಿಗೂ ವಾಸಿಸುತ್ತಾರೆ, ಕೊಳ್ಳುತ್ತಾರೆ, ಮಾರುತ್ತಾರೆ. ಆದರೆ ಮನೆಯ ಸ್ವರೂಪ ಕೆಡಿಸುವಂಥ ಬದಲಾವಣೆಗೆ ಸ್ಥಳೀಯ ಆಡಳಿತದ ಒಪ್ಪಿಗೆ ಬೇಕು. ಇಲ್ಲದಿದ್ದರೆ ಅದು ಅಪರಾಧ.

ನಮ್ಮ ಮನೆಯ ಕಿಟಕಿ ಬದಲಿಸಲು ಇವರ ಅಪ್ಪಣೆಯೇಕೆ ಎಂದು ಯಾರಿಗಾದರೂ ಅನ್ನಿಸೀತು. ಬರೀ ಅಂದಕ್ಕಾಗಿ ಅಲ್ಲ, ಇದರ ಹಿಂದೆ ವಿಜ್ಞಾನವೂ ಇದೆ.

ಹಳೆಯ ಗೋಡೆಯ ಕಲ್ಲುಗಳ ನಡುವೆ ಇರುವುದು ಸುಣ್ಣದ ಗಾರೆ. ಅದು ಮೃದು, ಸೂಕ್ಷ್ಮ ರಂಧ್ರಗಳುಳ್ಳದ್ದು. ಮಳೆಯಲ್ಲಿ ಗೋಡೆ ಕುಡಿದ ನೀರು ಈ ಸಂದುಗಳ ಮೂಲಕ ಆವಿಯಾಗಿ ಹೋಗುತ್ತದೆ. ಗೋಡೆ ಗಟ್ಟಿಯಾಗಲಿ ಎಂದು ಸಂದಿಗೆ ಸಿಮೆಂಟ್ ತುಂಬಿದರೆ ಆ ದಾರಿ ಮುಚ್ಚುತ್ತದೆ. ಸಿಕ್ಕಿಬಿದ್ದ ನೀರು ಕಲ್ಲಿನ ಮೂಲಕವೇ ಹೊರಬರಬೇಕು. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿದಾಗ ಗಾತ್ರ ಶೇಕಡಾ 9ರಷ್ಟು ಹಿಗ್ಗುತ್ತದೆ. ಕಲ್ಲಿನ ಮುಖ ಪದರಪದರವಾಗಿ ಉದುರುತ್ತದೆ. ಗಾರೆ ಸವೆದರೆ ಮತ್ತೆ ತುಂಬಬಹುದು, ಸವೆದ ಕಲ್ಲನ್ನು ಮತ್ತೆ ಬೆಳೆಸಲಾದೀತೇ?

ವಿದ್ಯಾರ್ಥಿಗಳೇ, ನೀವೇ ಪರೀಕ್ಷಿಸಿ. ಎರಡು ಇಟ್ಟಿಗೆಗಳನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ, ತೂಗಿ. ಒಂದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ, ಇನ್ನೊಂದನ್ನು ಹಾಗೇ ಬಿಡಿ. ವಾರವಿಡೀ ದಿನಕ್ಕೊಮ್ಮೆ ತೂಗಿ ಬರೆದಿಡಿ. ಯಾವುದರ ತೂಕ ಇಳಿಯಿತು? ತಂದೆತಾಯಿಗಳೇ, ಅಡುಗೆಮನೆಯ ತಕ್ಕಡಿಯನ್ನು ಒಂದು ವಾರ ಮಕ್ಕಳಿಗೆ ಬಿಟ್ಟುಕೊಡಿ. ಹಳೆಯ ಮನೆಯ ದುರಸ್ತಿಗೆ ಕೈಹಾಕುವ ಮುನ್ನ ಆ ಲೆಕ್ಕವನ್ನು ನೀವೂ ಒಮ್ಮೆ ನೋಡಿ.